ರೇಸಿಗಿಳಿದ ಬಸ್ ಡ್ರೈವರ್

ನಾನು ಒಳ್ಳೆಯ ಡ್ರೈವರ್. ಇದು ನನ್ನ ಮಾತಲ್ಲ. ಆಳಂದದಿಂದ ಅಫಜಲಪುರದ ತನಕ ಯಾವ ಊರಿನ ಕಟ್ಟೆಯ ಮೇಲೆ ಕೂತವರನ್ನು ಕೇಳಿದರೂ ಅವರೇ ಹೇಳುತ್ತಿದ್ದರು. ‘ಹೇಳುತ್ತಿದ್ದರು’ ಎಂದು ಯಾಕೆ ಬರೆದೆ ಎನ್ನುವುದೇ ಈ ಕಥೆ.

ಎಂಬತ್ತರ ದಶಕದ ಮಾತು. ಆಗ ನಾನು ಆ ದಾರಿಯಲ್ಲಿ ಓಡಾಡುವ ಸರ್ಕಾರಿ ಬಸ್ಸಿನ ಡ್ರೈವರ್. ಹೆಸರು ಗುರುಶಾಂತಪ್ಪ. ಆ ದಾರಿಯನ್ನು ದಾರಿ ಎಂದು ಕರೆದವರು ಬಹಳ ಉದಾರಿಗಳು. ಮಳೆಗಾಲದಲ್ಲಿ ಕರಿಮಣ್ಣು ಮೆತ್ತಿಕೊಂಡು ಗಾಲಿಗಳು ಗಬ್ಬದ ಎಮ್ಮೆಯ ಹೊಟ್ಟೆಯಷ್ಟಾಗುತ್ತಿದ್ದವು. ಬೇಸಿಗೆಯಲ್ಲಿ ನನ್ನ ಕಪ್ಪು ಮೀಸೆ ಊರು ಮುಟ್ಟುವುದರೊಳಗೆ ಬೆಳ್ಳಗಾಗುತ್ತಿತ್ತು. ಅಂಥ ದಾರಿಯಲ್ಲಿ ಹದಿನೆಂಟು ವರ್ಷ ಬಸ್ಸು ಓಡಿಸಿದರೂ ನನ್ನ ಗಾಲಿಯ ಕೆಳಗೆ ಒಂದು ಕೋಳಿ ಕೂಡ ಸತ್ತಿರಲಿಲ್ಲ. ಕೋಳಿಗಳು ನನ್ನ ಹಾರ್ನಿನ ದನಿ ಗುರುತು ಹಿಡಿಯುತ್ತವೆ ಎಂದು ನನ್ನ ಕಂಡಕ್ಟರ್ ಮೈಬೂಸಾಬ್ ಹೇಳುತ್ತಿದ್ದ. ನಮ್ಮ ಬಸ್ಸು ಬರುವುದನ್ನು ಕಂಡ ಕೋಳಿ ದಾರಿಯಲ್ಲೇ ಕೂತು, ಮೊಟ್ಟೆಯಿಟ್ಟು, ಸಾವಕಾಶ ಎದ್ದು ಹೋಗಬಹುದು ಎಂದೂ ಅವನೇ ಹೇಳುತ್ತಿದ್ದ. ನಾನು ಮೊದಲನೆಯ ಮಾತನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ.

ಒಂದು ದಿನ ಅಫಜಲಪುರದಲ್ಲಿ ರಾಜಶೇಖರ ಬಸ್ಸು ಹತ್ತಿದ. ಅವನು ಅಲ್ಲಿಯ ದೊಡ್ಡ ಗುತ್ತೇದಾರರೊಬ್ಬರ ಮಗ. ಪುಣೆಯ ಕಾಲೇಜಿಗೆ ಹೋಗಿ, ಓದಿಗಿಂತ ಹೆಚ್ಚಾಗಿ ಮೋಟಾರು ರೇಸುಗಳನ್ನೇ ಅಭ್ಯಾಸ ಮಾಡಿ ಬಂದಿದ್ದ. ಮನೆಯಲ್ಲಿ ಜೀಪು ಇಟ್ಟುಕೊಂಡವನು ಬಸ್ಸಿಗೆ ಯಾಕೆ ಬಂದ ಎಂದು ನೋಡಿದರೆ, ಬಲಗೈ ಪೂರ್ತಿ ಪ್ಲಾಸ್ಟರಿನಲ್ಲಿತ್ತು. ಮೋಟಾರ್ ಸೈಕಲ್ಲಿನಿಂದ ಬಿದ್ದಿದ್ದನಂತೆ. ನನ್ನ ಪಕ್ಕದಲ್ಲಿ, ಎಂಜಿನ್ನಿನ ಮೇಲೆಯೇ ಕೂತು, ಹತ್ತು ಮೈಲಿ ನನ್ನ ಕೈಯನ್ನೇ ನೋಡಿದ.

“ಕಾಕಾ, ಮುಂದಿನ ತಿಂಗಳು ನಮ್ಮೂರಾಗ ಆಟೋಕ್ರಾಸ್ ಅದ. ನನ್ನ ಜೀಪಿಗಿ ಡ್ರೈವರ್ ಇಲ್ಲ. ನೀವು ಹೊಡೀತೀರೇನು?”

“ಆಟೋದಾಗ ಏನ್ ರೇಸ್ರಿ? ಮೂರ ಗಾಲೀದು, ಉಳ್ಳಿ ಬೀಳ್ತದ.”

“ಆಟೋ ಅಲ್ಲ ಕಾಕಾ, ಆಟೋಕ್ರಾಸ್!”

ಆಮೇಲೆ ಅವನು ಬಿಡಿಸಿ ಹೇಳಿದ. ಖಾಲಿ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು, ತಿರುವು ತಿರುವಿಗೆ ಡಾಂಬರಿನ ಖಾಲಿ ಡ್ರಮ್ಮು ನಿಲ್ಲಿಸುತ್ತಾರೆ. ಒಬ್ಬೊಬ್ಬರಾಗಿ ಗಾಡಿ ಓಡಿಸಬೇಕು. ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಸುತ್ತು ಮುಗಿಸಿದವನು ಗೆದ್ದ. ಡ್ರಮ್ಮಿಗೆ ತಾಗಿಸಿದರೆ ದಂಡ. ಗುಲ್ಬರ್ಗಾ, ಸೊಲ್ಲಾಪುರದ ಕಡೆಯಿಂದ ಹವ್ಯಾಸಿಗಳು ತಮ್ಮ ತಮ್ಮ ಗಾಡಿ ತರುತ್ತಾರೆ. ಇಷ್ಟೇ!

ನಾನು ನಕ್ಕೆ. ಎಮ್ಮೆ, ಕತ್ತೆ, ಎತ್ತಿನ ಗಾಡಿ, ಕುಡಿದ ಮನುಷ್ಯ, ರಸ್ತೆಯ ಮೇಲೇ ರಾಶಿ ಹಾಕಿ ಕೂತವರು, ಇಷ್ಟೂ ಮಂದಿಯ ನಡುವೆ ದಿನಾ ಬಸ್ಸು ನುಗ್ಗಿಸುವವನಿಗೆ ಅಲುಗಾಡದೆ ನಿಂತ ಡ್ರಮ್ಮು ಯಾವ ಲೆಕ್ಕ!

ಹಿಂದಿನಿಂದ ಮೈಬೂಸಾಬ್ ಕೂಗಿದ. “ಹೂಂ ಅನ್ನೋ ಗುರುಶಾಂತಣ್ಣಾ! ಇಷ್ಟ್ ವರ್ಷ ಎತ್ತಿನಾಂಗ ದುಡದೀದಿ, ಒಂದ್ ದಿನ ಕುದುರಿ ಆಗು!”

ನಾನು ಕುದುರೆಯಾಗಲು ಒಪ್ಪಿದೆ.

ರಜೆ ಕೇಳಲು ಹೋದಾಗ ನಮ್ಮ ಡಿಪೋ ಮ್ಯಾನೇಜರ್ ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಗುಲ್ಬರ್ಗಾದಾಗ ಹೊಸಾ ಡ್ರೈವರ್ ಹುಡುಗ್ರಿಗಿ ಕಲಸ್ಲಾಕ ಒಬ್ಬ ಅನುಭವಸ್ಥ ಬೇಕಾಗ್ಯಾನ, ಗುರುಶಾಂತಪ್ಪ. ನಿಮ್ಮ ಹೆಸರು ಕಳಸ್ಬೇಕಂತ ಮಾಡೇನಿ. ಆ ರವಿವಾರ ನಾನೂ ಬರ್ತೇನಿ. ನಿಮ್ಮ ಕೈ ಹ್ಯಾಂಗದ ನೋಡೇಬಿಡೂಣು.”

ನನ್ನ ಎದೆ ಬಸ್ಸಿನ ಬಾನೆಟ್ಟಿನಷ್ಟು ಅಗಲವಾಯಿತು. ಕಲಿಸುವವನು ಎಂದರೆ ಮಾಸ್ತರ! ಕೈಯಲ್ಲಿ ಸ್ಟೀರಿಂಗಿಲ್ಲ, ಬಗಲಲ್ಲಿ ಕೊಡೆ. ಹೊಲಸು ದಾರಿಯಿಲ್ಲ, ವಾರದಲ್ಲಿ ನಾಲ್ಕು ರಾತ್ರಿ ಅಫಜಲಪುರದಲ್ಲಿ ಬಸ್ಸಿನ ಸೀಟಿನ ಮೇಲೆ ಮಡಚಿಕೊಂಡು ಮಲಗುವುದಿಲ್ಲ. ಓಡಿ ಹೋಗಿ ಹೆಂಡತಿಗೆ ಹೇಳಿದೆ.

“ಮಾಸ್ತರ್ ಆದ್ರ ರಾತ್ರಿ ಮನ್ಯಾಗೇ ಇರ್ತೀರಿ?” ಎಂದಳು ಶಾಂತಾಬಾಯಿ.

“ಮನ್ಯಾಗೇ.”

“ದಿನಾ?”

“ದಿನಾ!”

“ಅದೂ ಒಂದ್ ತ್ರಾಸೇ ಅನ್ರಿ.”

ಹಾಗೆಂದರೂ ಮರುದಿನವೇ ಜೇವರ್ಗಿಯಲ್ಲಿದ್ದ ಇಬ್ಬರು ತಂಗಿಯರಿಗೆ ಹೇಳಿ ಕಳಿಸಿದಳು. ಗಂಡ ರೇಸಿನಲ್ಲಿ ಗೆದ್ದು ಮಾಸ್ತರನಾಗುವುದನ್ನು ತವರಿನವರು ಕಣ್ಣಾರೆ ನೋಡದಿದ್ದರೆ ಅದು ಗೆದ್ದಂತೆ ಹೇಗಾದೀತು!

ರಾಜಶೇಖರನ ಶಿಕ್ಷಣ ಶುರುವಾಯಿತು. ಊರಾಚೆಯ ಬಯಲಿನಲ್ಲಿ ಎಣ್ಣೆಯ ಖಾಲಿ ಡಬ್ಬಿಗಳನ್ನು ಸಾಲಾಗಿ ಇಟ್ಟು, ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಅವನು ನಡುವೆ ನಿಂತ. ಹೊಡೆಯುವ ವಿದ್ಯೆ ಎಂದರೆ ನಾನು ತಿಳಿದಂತೆ ಬರೇ ಹೊಡೆಯುವುದಲ್ಲವಂತೆ. ಅದರಲ್ಲಿ ಶಾಸ್ತ್ರವಿತ್ತು.

“ಕಾಕಾ, ಬ್ರೇಕ್ ಒತ್ತೋದಿದ್ರ ತಿರುವಿಗಿಂತ ಮೊದಲೇ ಒತ್ರಿ, ಗಾಡಿ ನೆಟ್ಟಗಿರಬೇಕಾದ್ರ. ತಿರುಗಬೇಕಾದ್ರ ಒತ್ತಬ್ಯಾಡ್ರಿ. ತಿರುಗಿದ ಕೂಡ್ಲೇ ಎಕ್ಸಲೇಟರ್ ಕೊಡ್ರಿ. ನಿಧಾನ ಹೋಗ್ರಿ, ಜೋರ್ ಹೊರಗ ಬರ್ರಿ.”

ಹೂಂ ಎಂದು ಹೊರಟೆ. ಮೊದಲ ಡಬ್ಬಿ ಬಂತು. ಬಲಕ್ಕೆ ತಿರುಗಬೇಕಿತ್ತು. ನಾನು ರೂಢಿಯಂತೆ ಮೊದಲು ದೊಡ್ಡದಾಗಿ ಎಡಕ್ಕೆ ಹೋದೆ. ಬಸ್ಸಿಗೆ ಉದ್ದನೆಯ ಬಾಲವಿರುತ್ತದೆ. ಎಡಕ್ಕೆ ಹೋಗದೆ ಬಲಕ್ಕೆ ತಿರುಗಿದರೆ ಹಿಂದಿನ ಗಾಲಿ ಮೂಲೆಯ ಅಂಗಡಿಯೊಳಗೆ ಹೋಗುತ್ತದೆ. ಆದರೆ ಜೀಪಿಗೆ ಬಾಲವಿಲ್ಲ. ಎಡಗಡೆ ಮಾತ್ರ ಯಾರೋ ಪುಣ್ಯಾತ್ಮರು ತೊಗರಿಕಟ್ಟಿಗೆಯ ಬಣವೆ ಒಟ್ಟಿದ್ದರು. ಜೀಪು ಅದರೊಳಗೆ ಹೋಗಿ, ಮದುಮಗನಂತೆ ತಲೆಯ ತುಂಬ ಕಟ್ಟಿಗೆ ಹೊತ್ತುಕೊಂಡು ಆಚೆ ಬಂತು.

“ಕಾಕಾ, ಡಬ್ಬಿ ನೋಡಬ್ಯಾಡ್ರಿ!” ಎಂದ ರಾಜಶೇಖರ, ಎರಡನೆಯ ಸಲ ಡಬ್ಬಿಯನ್ನೇ ಚಪ್ಪಟೆ ಮಾಡಿದಾಗ. “ನೋಡಿದ್ರ ಅದಕ್ಕೇ ಹಾಯ್ತೀರಿ. ಎಲ್ಲಿ ಹೋಗಬೇಕೋ ಅಲ್ಲಿ ನೋಡ್ರಿ. ಕಣ್ಣ ಎಲ್ಲಿ ಹೋಗ್ತದೋ ಗಾಡಿ ಅಲ್ಲಿ ಹೋಗ್ತದ!”

ಎಷ್ಟು ದೊಡ್ಡ ಮಾತು! ಹದಿನೆಂಟು ವರ್ಷ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಎಂಥ ತಿಳುವಳಿಕೆ ಎಂದು ನಾನು ಅವನನ್ನೇ ಮೆಚ್ಚುಗೆಯಿಂದ ನೋಡುತ್ತ ಗಾಡಿ ಬಿಟ್ಟೆ. ಅವನ ಮಾತು ನೂರಕ್ಕೆ ನೂರು ಖರೆಯಾಯಿತು. ಜೀಪು ನೇರ ಅವನ ಕಡೆಗೇ ಹೋಯಿತು! ಪ್ಲಾಸ್ಟರ್ ಹಾಕಿಕೊಂಡ ಮನುಷ್ಯ ಅಷ್ಟು ಜೋರಾಗಿ ಓಡುವುದನ್ನು ನಾನು ಮೊದಲ ಸಲ ನೋಡಿದೆ.

ವಾರಕ್ಕೊಂದು ದಿನ ಅಭ್ಯಾಸ ಮಾಡಿದರೆ ಸಾಲದೆಂದು ಮನೆಯಲ್ಲೂ ಶುರು ಮಾಡಿದೆ. ಹಿಟ್ಟು ನಾದುವ ಪರಾತ ಸ್ಟೀರಿಂಗು. ಲಟ್ಟಣಿಗೆ ಗೇರು. ಪಡಸಾಲೆಯಲ್ಲಿ ಮಣೆಯ ಮೇಲೆ ಕೂತು, ಬಾಯಿಂದ ಎಂಜಿನ್ನಿನ ಸದ್ದು ಮಾಡುತ್ತ, ತಿರುವಿಗೆ ಮೊದಲೇ ಬ್ರೇಕೊತ್ತಿ, ದೂರ ನೋಡುತ್ತ, ಪರಾತ ತಿರುಗಿಸುತ್ತಿದ್ದೆ. ಒಂದು ಮುಂಜಾನೆ ಪಕ್ಕದ ಮನೆಯ ಗಂಗವ್ವ ಮಜ್ಜಿಗೆ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು.

“ಏನಾಗ್ಯದ ಬೇ ಅವರಿಗಿ?”

“ಏನಿಲ್ಲ ಬಾರಬೇ,” ಎಂದಳು ಶಾಂತಾಬಾಯಿ. “ಅವರಿನ್ನ ದಾರ್‍ಯಾಗ ಅದಾರ. ಮನಿ ಮುಟ್ಟಿದ ಮ್ಯಾಲ ಪರಾತ ಕೊಡ್ತಾರ. ಆಮ್ಯಾಲ ರೊಟ್ಟಿ.”

ಬಸ್ಸಿನಲ್ಲೂ ಪ್ರಯೋಗ ನಡೆಯಿತು. ಇದು ಆಗಬಾರದಿತ್ತು. ಒಂದು ದಿನ ಆಳಂದದ ಹತ್ತಿರದ ತಿರುವಿನಲ್ಲಿ ಮೊದಲೇ ಗಟ್ಟಿಯಾಗಿ ಬ್ರೇಕೊತ್ತಿ, ತಿರುಗಿಸಿ, ಶಾಸ್ತ್ರೋಕ್ತವಾಗಿ ಎಕ್ಸಲೇಟರ್ ಕೊಟ್ಟೆ. ಬ್ರೇಕಿಗೆ ಜನವೆಲ್ಲ ಮುಂದೆ ಬಂದರು. ತಿರುವಿಗೆ ಎಡಕ್ಕೆ ಹೋದರು. ಎಕ್ಸಲೇಟರಿಗೆ ಹಿಂದೆ ಹೋದರು. ಟಿಕೀಟು ಹರಿಯುತ್ತ ನಡುವೆ ನಿಂತಿದ್ದ ಮೈಬೂಸಾಬ್ ಈ ಮೂರೂ ದಿಕ್ಕುಗಳನ್ನು ನೋಡಿ, ಕೊನೆಗೆ ಅಡತಿ ಅಂಗಡಿಯ ದಪ್ಪ ಸಾವಕಾರರೊಬ್ಬರ ತೊಡೆಯ ಮೇಲೆ ಕೂತಿದ್ದ.

“ಡ್ರೈವರ್‌ಗ ಹೊಟ್ಟಿ ಕೆಟ್ಟಿರಬೇಕ್ರಿ, ಲಗೂ ಮನಿ ಮುಟ್ಟಬೇಕಾಗ್ಯದ,” ಎಂದು ಹಿಂದೆ ಯಾರೋ ಸಮಾಧಾನ ಹೇಳಿದರು.

ಬಸ್ಸು ನಿಂತ ಮೇಲೆ ಮೈಬೂಸಾಬ್ ಸೊಂಟ ಹಿಡಿದುಕೊಂಡು ನನ್ನ ಹತ್ತಿರ ಬಂದ. “ಅಣ್ಣಾ, ನಿನ್ನ ವಿದ್ಯಾ ನಿನ್ನ ಹತ್ರಾನೇ ಇರ್ಲಿ. ಬಸ್ಸಿಗಿ ಕಲಸಬ್ಯಾಡ, ಕೈ ಮುಗೀತೀನಿ!”

ಅಂತೂ ತಿಂಗಳು ಕಳೆಯುವುದರೊಳಗೆ ಡಬ್ಬಿಗಳು ಉಳಿಯತೊಡಗಿದವು. ಬಣವೆಯ ಮಾಲೀಕರು ನಿಶ್ಚಿಂತೆಯಿಂದ ನಿದ್ದೆ ಮಾಡತೊಡಗಿದರು. ಕೊನೆಯ ಅಭ್ಯಾಸದ ದಿನ ರಾಜಶೇಖರ ಗಡಿಯಾರ ನೋಡಿ, “ಕಾಕಾ, ಹಿಂಗೇ ಹೊಡದ್ರ ಮೊದಲ ಮೂವರಾಗ ನೀವೇ!” ಎಂದ. ನನಗೆ ‘ಮೂವರಾಗ’ ಎಂಬ ಮಾತು ಕೇಳಿಸಲಿಲ್ಲ. ‘ಮೊದಲ’ ಮತ್ತು ‘ನೀವೇ’ ಕೇಳಿಸಿದವು.

ರವಿವಾರ ಬಂತು. ಗಾಣಗಾಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿದ್ದ ದೊಡ್ಡ ಬಯಲಿನಲ್ಲಿ ಸುಣ್ಣದ ಗೆರೆ, ಡ್ರಮ್ಮು, ಬಣ್ಣದ ಬಾವುಟ, ಶಾಮಿಯಾನ, ಮೈಕು. ರೇಸೆಂದರೆ ಏನೆಂದು ತಿಳಿಯದಿದ್ದರೂ ಸುತ್ತಲಿನ ಹಳ್ಳಿಗಳೆಲ್ಲ ಬಂದಿದ್ದವು. ರಸ್ತೆಯ ಮೇಲೆ ಎತ್ತಿನ ಗಾಡಿ, ಸೈಕಲ್ಲು, ಟ್ರ್ಯಾಕ್ಟರು ಅಡ್ಡಾದಿಡ್ಡಿ ನಿಂತು, ಗಾಣಗಾಪುರದ ಬಸ್ಸು ಎಲ್ಲೋ ಹಿಂದೆಯೇ ಸಿಕ್ಕಿಕೊಂಡಿದೆ ಎಂದು ಯಾರೋ ಅನ್ನುತ್ತಿದ್ದರು. ಅದು ನನ್ನ ಬಸ್ಸಲ್ಲ, ನನಗೇಕೆ ಚಿಂತೆ!

ನಾನು ಇಸ್ತ್ರಿ ಮಾಡಿದ ಖಾಕಿ ಡ್ರೆಸ್ಸು ಹಾಕಿಕೊಂಡು ಬಂದಿದ್ದೆ. ಜೀಪಿನ ನಾಲ್ಕೂ ಗಾಲಿಗೆ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ಒಡೆದೆ. ಸೊಲ್ಲಾಪುರದ ಹುಡುಗರು ನಕ್ಕರು. ನಗಲಿ! ರಾಜಶೇಖರ ತನ್ನ ಹೆಲ್ಮೆಟ್ಟು ಕೊಟ್ಟ. ಅದು ಅವನ ತಲೆಯ ಅಳತೆಯದು. ನನ್ನ ಕಿವಿಗಳನ್ನು ಮಡಚಿ ಒಳಗೆ ತುರುಕಬೇಕಾಯಿತು. ಆಮೇಲೆ ಲೋಕವೆಲ್ಲ ಬಾವಿಯೊಳಗಿನಿಂದ ಮಾತಾಡುವಂತೆ ಕೇಳಿಸತೊಡಗಿತು.

ಶಾಮಿಯಾನದ ಮೊದಲ ಸಾಲಿನಲ್ಲಿ ಮ್ಯಾನೇಜರ್ ಸಾಹೇಬರು ಕೂತಿದ್ದರು. ನಾನು ಕೈಯೆತ್ತಿ ನಮಸ್ಕಾರ ಮಾಡಿದೆ. ಅವರೂ ಗಂಭೀರವಾಗಿ ತಲೆಯಾಡಿಸಿದರು. ಹೆಂಡತಿ, ನಾದಿನಿಯರು ಎಲ್ಲಿ ನಿಂತಿದ್ದಾರೋ ಆ ಗದ್ದಲದಲ್ಲಿ ಕಾಣಲಿಲ್ಲ.

ನನ್ನ ಸರದಿ ಬಂತು. ಜೀಪು ಗೆರೆಯ ಹತ್ತಿರ ನಿಂತಿತು. ಬಾವುಟ ಹಿಡಿದವರು ಕೈ ಎತ್ತಿದರು. ನಾನು ಹಲ್ಲು ಕಚ್ಚಿದೆ. ಬಾವುಟ ಕೆಳಗೆ ಬಿತ್ತು, ಅದರ ಜೊತೆಗೇ ಉದ್ದನೆಯ ಸೀಟಿ ಊದಿದರು.

ಒಂದೇ ಸೀಟಿ!

ಬಸ್ಸು ಓಡಿಸಿದವರಿಗೆಲ್ಲ ಗೊತ್ತು. ಒಂದು ಸೀಟಿ ಎಂದರೆ ನಿಲ್ಲು, ಎರಡು ಸೀಟಿ ಎಂದರೆ ಹೊರಡು. ನನ್ನ ತಲೆ ‘ಹೊರಡು’ ಎಂದಿತು. ನನ್ನ ಕಾಲು ತಲೆಯ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅದು ಸೀಟಿಯ ಮಾತನ್ನಷ್ಟೇ ಕೇಳುತ್ತಿತ್ತು. ಬ್ರೇಕಿನ ಮೇಲೆ ಗಟ್ಟಿಯಾಗಿ ಕೂತಿತು.

“ಹೊರಡ್ರಿ! ಹೊರಡ್ರಿ!” ಎಂದು ಮೈಕಿನಲ್ಲಿ ಕೂಗಿದರು. ರಾಜಶೇಖರ ಒಂದೇ ಕೈಯಲ್ಲಿ ಎದೆ ಬಡಿದುಕೊಂಡ. ಸೀಟಿಯವರು ಗಾಬರಿಯಾಗಿ ಮತ್ತೊಂದು ಸಲ ಇನ್ನೂ ಜೋರಾಗಿ ಊದಿದರು. ನಾನು ಬ್ರೇಕನ್ನು ಇನ್ನೂ ಗಟ್ಟಿಯಾಗಿ ಒತ್ತಿದೆ!

ಆಗ ಜನರ ನಡುವಿನಿಂದ ಮೈಬೂಸಾಬ್ ಓಡಿ ಬಂದ. ಅವನಿಗೆ ಒಂದೇ ನೋಟಕ್ಕೆ ರೋಗ ತಿಳಿದಿತ್ತು. ಕಿಸೆಯಿಂದ ತನ್ನ ಸೀಟಿ ತೆಗೆದು, ಪೀ ಪೀ ಎಂದು ಎರಡು ಸಲ ಊದಿ, ಜೀಪಿನ ತಗಡಿಗೆ ಬಡಿದು ಕೂಗಿದ.

“ರೈಟ್! ರೈಟ್!”

ಜೀಪು ಬಾಣದಂತೆ ಹೊರಟಿತು.

ಮೊದಲನೆಯ ತಿರುವು. ನೆಟ್ಟಗಿರುವಾಗಲೇ ಬ್ರೇಕು, ತಿರುವು, ಎಕ್ಸಲೇಟರು. ಡ್ರಮ್ಮು ಅಲುಗಲಿಲ್ಲ! ಎರಡನೆಯದು. ಅದೂ ಹಾಗೆಯೇ! ಧೂಳಿನಾಚೆಯಿಂದ ಚಪ್ಪಾಳೆ ಕೇಳಿಸಿತು. ಆ ಎರಡು ತಿರುವುಗಳಲ್ಲಿ ನಾನು ಹೇಗೆ ಓಡಿಸಿದೆ ಎಂದರೆ, ಅವತ್ತಿನ ರೇಸು ಅಲ್ಲಿಗೇ ಮುಗಿದಿದ್ದರೆ ಇವತ್ತು ನನ್ನ ಮನೆಯಲ್ಲಿ ಬೆಳ್ಳಿಯ ಕಪ್ಪಿರುತ್ತಿತ್ತು.

ಮೂರನೆಯ ತಿರುವಿಗೆ ಧೈರ್ಯ ಬಂದು ಮೈ ಸಡಿಲವಾಯಿತು. ಮೈ ಸಡಿಲವಾದ ಕೂಡಲೇ ಹಳೆಯ ಡ್ರೈವರ್ ವಾಪಸು ಬಂದ. ಸಾಲು ಡ್ರಮ್ಮುಗಳ ನಡುವೆ ಹಾವಿನಂತೆ ಹೋಗಬೇಕಿತ್ತು. ನಾನು ಪ್ರತಿ ತಿರುವಿಗೂ ಹಾರ್ನು ಹೊಡೆದೆ. ಬಲಕ್ಕೆ ಹೋಗುವಾಗ ಬಲಗೈ ಹೊರಗೆ ಚಾಚಿ, ಎಡಕ್ಕೆ ಹೋಗುವಾಗ ಕೈಯನ್ನು ಗಿರ್ರನೆ ತಿರುಗಿಸಿ, ಹಿಂದೆ ಬರದ ಗಾಡಿಗಳಿಗೆ ಸೂಚನೆ ಕೊಟ್ಟೆ. ಹೀಗೆ ಕಾನೂನುಬದ್ಧವಾಗಿ ಆ ಸಾಲು ದಾಟುವುದರೊಳಗೆ ಒಂದು ಡ್ರಮ್ಮು ಉರುಳಿತು. ಅದಕ್ಕೂ ಕೈ ಮಾಡಿ ಕ್ಷಮೆ ಕೇಳಿದೆ.

ಆಚೆ ತುದಿಯಲ್ಲಿ ದಾರಿ ರಸ್ತೆಯ ಅಂಚಿಗೆ ಬಂದು ತಿರುಗುತ್ತಿತ್ತು. ಅಲ್ಲೊಂದು ಬೇವಿನ ಗಿಡ. ಗಿಡದ ಕೆಳಗೆ ಏಳೆಂಟು ಜನ ಗಾಣಗಾಪುರದ ಬಸ್ಸಿಗೆ ಕಾಯುತ್ತ ಮುಂಜಾನೆಯಿಂದ ಕೂತಿದ್ದರಂತೆ. ಅವರಿಗೆ ರೇಸೂ ಬೇಡ, ಕಪ್ಪೂ ಬೇಡ, ದತ್ತ ಮಹಾರಾಜನ ದರ್ಶನ ಬೇಕು. ಧೂಳೆಬ್ಬಿಸಿಕೊಂಡು ಬರುವ ಗಾಡಿಯನ್ನೂ ಅದರೊಳಗಿನ ಖಾಕಿ ಡ್ರೆಸ್ಸನ್ನೂ ಕಂಡು ಒಬ್ಬ ಮುದುಕಿ ಎದ್ದಳು. ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸುಣ್ಣದ ಗೆರೆ ದಾಟಿ ಒಳಗೆ ಬಂದು, ಕೈ ಎತ್ತಿದಳು.

ನನ್ನ ಕಾಲು ಕೇಳಬೇಕೆ!

ಜೀಪು ನಿಂತಿತು. ಎಷ್ಟು ಅಚ್ಚುಕಟ್ಟಾಗಿ ನಿಂತಿತೆಂದರೆ, ಹಿಂದಿನ ಹತ್ತುವ ಜಾಗ ಸರಿಯಾಗಿ ಮುದುಕಿಯ ಮುಂದೆಯೇ ಬಂದಿತ್ತು. ಇದು ನನ್ನ ಕೈಗುಣ. ಅದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ.

“ಗಾಣಗಾಪುರಕ್ಕ ಹೋಗ್ತದೇನೋ ಯಪ್ಪಾ?”

ಹೆಲ್ಮೆಟ್ಟಿನೊಳಗೆ ‘ಗಾಣಗಾಪುರ’ ಎಂಬುದಷ್ಟೇ ಕೇಳಿಸಿತು. “ಲಗೂ ಹತ್ರಿ, ಲಗೂ ಹತ್ರಿ!” ಎಂದೆ. ನಾನು ದಿನಕ್ಕೆ ನೂರು ಸಲ ಹೇಳುವ ಮಾತು, ತಾನಾಗಿಯೇ ಬಂತು. ಮುದುಕಿ ಹತ್ತಿದಳು. ಅವಳ ಹಿಂದೆ ಗಂಡ ಹೆಂಡತಿ, ಕೊಡ ಹಿಡಿದ ಮತ್ತೊಬ್ಬಳು, ಕಾವಿ ಶಲ್ಯದ ಇಬ್ಬರು ಭಕ್ತರು, ಕೊನೆಗೆ ಹಾಸಿಗೆ ಸುರುಳಿಯೊಂದಿಗೆ ಒಬ್ಬ ಗೃಹಸ್ಥ. ನಾನು ಕನ್ನಡಿಯಲ್ಲಿ ನೋಡುತ್ತ ತಾಳ್ಮೆಯಿಂದ ಕಾದೆ.

ದೂರದಲ್ಲಿ ಗೆರೆಯ ಹತ್ತಿರ ನಿಂತಿದ್ದ ಮೈಬೂಸಾಬ್ ಇದನ್ನು ನೋಡಿದ. ಅವನಾದರೂ ನನ್ನನ್ನು ಎಚ್ಚರಿಸಬಹುದಿತ್ತು. ಆದರೆ ಅವನೂ ಹದಿನೆಂಟು ವರ್ಷದ ಕಂಡಕ್ಟರು! ಜನ ಹತ್ತಿ ಮುಗಿದದ್ದು ಕಂಡ ಕೂಡಲೇ ಅವನ ಕೈ ಕಿಸೆಗೆ ಹೋಯಿತು.

ಪೀ ಪೀ!

ನಾನು ಹೊರಟೆ. ತಿರುವಿಗೆ ಮೊದಲೇ ಬ್ರೇಕೊತ್ತಿದೆ; ಎಲ್ಲರೂ ಮುಂದೆ ಬಂದರು. ತಿರುಗಿಸಿ ಎಕ್ಸಲೇಟರ್ ಕೊಟ್ಟೆ. ಎಲ್ಲರೂ ಹಿಂದೆ ಹೋದರು. “ದತ್ತಾ! ದತ್ತಾ!” ಎಂಬ ಕೂಗು ಎದ್ದಿತು. ಜನ ನನ್ನನ್ನು ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ಇನ್ನಷ್ಟು ಒತ್ತಿದೆ.

ಕೊನೆಯ ತಿರುವಿನಲ್ಲಿ ಮೂವರು ಹೆಂಗಸರು ನಿಂತು ಸೆರಗು ಬೀಸುತ್ತ, ಕೈ ಎತ್ತಿ ಕೂಗುತ್ತಿದ್ದರು. ಕಣ್ಣಿನ ತುಂಬ ಧೂಳು, ಮುಖ ಕಾಣಲಿಲ್ಲ. ಕನ್ನಡಿ ನೋಡಿದೆ. ಗಾಡಿ ಫುಲ್ಲಾಗಿತ್ತು! ನಿಲ್ಲಿಸದೆ, ಹಿಂದೆ ಇನ್ನೊಂದು ಬಸ್ಸು ಬರುತ್ತಿದೆ ಎಂದು ಹೆಬ್ಬೆರಳು ತೋರಿಸಿ ಮುಂದೆ ಹೋದೆ.

ಆಗ ಮುದುಕಿ ಹಿಂದಿನಿಂದ ನನ್ನ ಭುಜ ತಟ್ಟಿದಳು. “ಕಂಡಕ್ಟರ್ ಎಲ್ಲೋ ಯಪ್ಪಾ? ಟಿಕೀಟ್ ಯಾರ್ ಕೊಡ್ತಾರ?”

ಹಿಂದೆ ತಿರುಗಿ ನೋಡಿದೆ. ಹಾಸಿಗೆ ಸುರುಳಿಯ ಮೇಲಿನಿಂದ ಏಳು ಮುಖಗಳು ನನ್ನನ್ನೇ ನೋಡುತ್ತಿದ್ದವು. ಎಲ್ಲ ತಿಳಿಯಿತು. ಸುಣ್ಣದ ಗೆರೆ, ಡ್ರಮ್ಮು, ಮ್ಯಾನೇಜರ್ ಸಾಹೇಬರು, ಮಾಸ್ತರಿಕೆ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಆದರೆ ಮುಗಿಸುವ ಗೆರೆಯೂ ಕಣ್ಣ ಮುಂದೆಯೇ ಬಂದಿತ್ತು. ಇನ್ನೇನು ಮಾಡುವುದು? ದಾಟಿದೆ. ಶಾಮಿಯಾನದ ಎದುರಿಗೆ ಸರಿಯಾಗಿ ನಿಲ್ಲಿಸಿದೆ.

ಕಾವಿ ಶಲ್ಯದವರೊಬ್ಬರು ಹೊರಗೆ ಇಣುಕಿ ಕೇಳಿದರು. “ಗಾಣಗಾಪುರ ಬಂತೇನ್ರಿ?”

ಆಮೇಲೆ ಎದ್ದ ನಗೆಗೆ ಶಾಮಿಯಾನದ ಗೂಟ ಅಲುಗಿರಬೇಕು. ಸೊಲ್ಲಾಪುರದ ಹುಡುಗರು ನೆಲದ ಮೇಲೆ ಕೂತುಬಿಟ್ಟರು. ರೇಸಿನ ಗಾಡಿಯಲ್ಲಿ ಡ್ರೈವರನ ಹೊರತು ಮತ್ತಾರೂ ಇರಬಾರದೆಂಬ ನಿಯಮವಿದೆ, ಆದಕಾರಣ ಶ್ರೀ ಗುರುಶಾಂತಪ್ಪನವರನ್ನು ಸ್ಪರ್ಧೆಯಿಂದ ಕೈಬಿಡಲಾಗಿದೆ ಎಂದು ಮೈಕಿನವರು ಬಹಳ ಕಷ್ಟಪಟ್ಟು ಗಂಭೀರ ದನಿಯಲ್ಲಿ ಹೇಳಿದರು. ‘ಕೈಬಿಡಲಾಗಿದೆ’ ಎನ್ನುವಾಗ ಅವರ ಕೈಯಿಂದ ಮೈಕೇ ಬಿತ್ತು.

ರಾಜಶೇಖರ ಬಂದ. ಬೈಯುತ್ತಾನೆ ಎಂದುಕೊಂಡೆ. ಅವನ ಕಣ್ಣಲ್ಲಿ ನೀರಿತ್ತು. ಅಳುವಿನದೋ ನಗುವಿನದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

“ಕಾಕಾ, ಮೊದಲ ಎರಡ ತಿರುವು...” ಎಂದ. ನನ್ನ ಹೆಗಲ ಮೇಲೆ ಪ್ಲಾಸ್ಟರಿನ ಕೈ ಇಟ್ಟ. ನನಗೆ ಖರೇ ಸಂಕಟವಾಯಿತು. ಪಾಪ, ತಿಂಗಳಿಡೀ ಆ ಹುಡುಗ ನನ್ನ ಮುಂದೆ ಜೀವ ಉಳಿಸಿಕೊಂಡು ಕಲಿಸಿದ್ದ.

ಮ್ಯಾನೇಜರ್ ಸಾಹೇಬರು ನಿಧಾನವಾಗಿ ಎದ್ದು ಬಂದರು. ನಾನು ಹೆಲ್ಮೆಟ್ಟು ಕೀಳಲು ಹೋದೆ. ಅದು ಬರಲಿಲ್ಲ. ಹಾಗೆಯೇ ಸಲಾಮು ಹೊಡೆದೆ.

“ಗುರುಶಾಂತಪ್ಪ,” ಎಂದರು, “ಹೊಸಾ ಹುಡುಗ್ರಿಗಿ ಕಲಸ್ಲಾಕ ನಿಮ್ಮನ್ನ ಕಳಸಂಗಿಲ್ಲ. ಬ್ಯಾರೆಯವರನ್ನ ನೋಡ್ತೇನಿ.”

“ಹೌದ್ರಿ ಸಾಹೇಬ್ರ,” ಎಂದೆ ನೆಲ ನೋಡುತ್ತ.

“ರೇಸಿನಾಗೂ ಕೈ ಮಾಡಿದವ್ರಿಗಿ ನಿಲ್ಲಸ್ತೀರಿ. ನಿಮ್ಮಂಥವ್ರನ್ನ ದಾರಿ ಬಿಡಿಸಿ ಗುಲ್ಬರ್ಗಾಕ ಕಳಿಸಿದ್ರ ನನ್ನ ಹಳ್ಳಿ ಮಂದಿ ಗತಿ ಏನು?” ಎಂದು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಹೊಗಳಿದರೋ ಬೈದರೋ ಎಂದು ನಾನು ಲೆಕ್ಕ ಹಾಕುವುದರೊಳಗೆ ಹಿಂದಿನಿಂದ ಬಳೆಗಳ ಸದ್ದು ಕೇಳಿಸಿತು.

ಶಾಂತಾಬಾಯಿ! ಅವಳ ಹಿಂದೆ ಜೇವರ್ಗಿಯ ಇಬ್ಬರು ನಾದಿನಿಯರು. ಮೂವರ ಮುಖದ ಮೇಲೂ ನಾನೇ ಎಬ್ಬಿಸಿದ ಧೂಳು.

“ಹಿಂದ ಯಾವ ಬಸ್ ಬರಾಕತ್ತದ್ರಿ?” ಎಂದಳು.

ಆಗ ನನಗೆ ಆ ಕೊನೆಯ ತಿರುವಿನ ಹೆಂಗಸರು ಯಾರೆಂದು ಹೊಳೆಯಿತು.

“ಯಾರ್‍ಯಾರಿಗೋ ನಿಲ್ಲಸ್ತೀರಿ. ಊಟ ಬಿಟ್ಟು ಮುಂಜಾನಿಂದ ನಿಂತು, ‘ಗೆಲ್ರಿ, ಗೆಲ್ರಿ’ ಅಂತ ಸೆರಗು ಬೀಸಿದ ಹೆಂಡ್ತಿಗಿ ಹೆಬ್ಬೆಟ್ಟು ತೋರಸ್ತೀರಿ!”

“ಗಾಡಿ ಫುಲ್ ಇತ್ತಲ್ಲ ಶಾಂತಾ...” ಎಂದೆ. ಇಂಥ ಹೊತ್ತಿನಲ್ಲಿ ಹೇಳಬಾರದ ಮಾತು ಯಾವುದೆಂದು ಯಾರಾದರೂ ಕೇಳಿದರೆ, ಅದು ಇದೇ.

ಇತ್ತ ಜೀಪಿನೊಳಗಿದ್ದವರು ಇಳಿಯಲು ಒಪ್ಪಲಿಲ್ಲ. ಮುಂಜಾನೆಯಿಂದ ಕಾದಿದ್ದೇವೆ, ಈಗ ಇಲ್ಲೇ ಗಿರಗಿರ ಸುತ್ತಿಸಿ ಇಳಿಸುವುದು ಯಾವ ನ್ಯಾಯ ಎಂದು ಮುದುಕಿ ಮ್ಯಾನೇಜರ್ ಸಾಹೇಬರನ್ನೇ ದಬಾಯಿಸಿದಳು. ಬಸ್ಸು ಇನ್ನೂ ಬಂದಿರಲಿಲ್ಲ. ಸಾಹೇಬರು ರಾಜಶೇಖರನ ಮುಖ ನೋಡಿದರು. ಅವನು ನನ್ನ ತಲೆಯಿಂದ ಹೆಲ್ಮೆಟ್ಟು ಎಳೆದು ಕಿತ್ತು, ಜೀಪಿನ ಕಡೆ ಕೈ ಮಾಡಿ, “ಒಯ್ರಿ ಕಾಕಾ, ಇನ್ನೇನ್ ಮಾಡೂದದ,” ಎಂದ. ಶಾಂತಾಬಾಯಿ ತಂಗಿಯರ ಜೊತೆ ಹತ್ತಿ, ಹಾಸಿಗೆ ಸುರುಳಿಯ ಮೇಲೆ ಕೂತಳು. ಬಂದದ್ದು ಬಂದೆವು, ದರ್ಶನವಾದರೂ ಆಗಲಿ ಎಂದಳು. ಅದು ನನಗೆ ಹೇಳಿದ್ದಲ್ಲ, ತಂಗಿಯರಿಗೆ.

ಗಾಣಗಾಪುರದವರೆಗೆ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಹೋದ ಮಾನವನ್ನು ಸ್ವಲ್ಪವಾದರೂ ತರಬೇಕೆಂದು ನಾನು ಆ ದಾರಿಯಲ್ಲಿ ಕಲಿತದ್ದನ್ನೆಲ್ಲ ಸುರಿದೆ. ತಿರುವಿಗೆ ಮೊದಲೇ ಹದವಾಗಿ ಬ್ರೇಕು, ದೂರದ ನೋಟ, ಹೂವಿನಂತೆ ಸ್ಟೀರಿಂಗು. ಯಾರ ತಲೆಯೂ ಯಾರಿಗೂ ತಾಗಲಿಲ್ಲ. ಕೊಡದ ನೀರು ತುಳುಕಲಿಲ್ಲ. ಅಂಥ ಡ್ರೈವಿಂಗನ್ನು ನನ್ನ ಜನ್ಮದಲ್ಲಿ ಮತ್ತೆ ಮಾಡಿಲ್ಲ. ಯಾರಾದರೂ ಒಬ್ಬರು ಒಂದು ಒಳ್ಳೆಯ ಮಾತಾಡಿದರೆ ಸಾಕಿತ್ತು.

ಗುಡಿಯ ಬೀದಿಯಲ್ಲಿ ಗಾಡಿ ನಿಂತಿತು. ಎಲ್ಲರೂ ಇಳಿದರು. ಮುದುಕಿ ಕೊನೆಗೆ ಇಳಿದು, ಗಂಟು ಸರಿ ಮಾಡಿಕೊಂಡು, ಮುಂದೆ ಬಂದು ನನ್ನ ಗದ್ದ ಮುಟ್ಟಿದಳು. ಎದೆ ತುಂಬಿ ಬಂತು. ಕೊನೆಗೂ ಒಬ್ಬಳಿಗಾದರೂ ನನ್ನ ಕೈ ಗೊತ್ತಾಯಿತಲ್ಲ!

“ಹೊಸದಾಗಿ ಕೆಲಸಕ್ಕ ಸೇರೀದೇನೋ ಯಪ್ಪಾ?” ಎಂದಳು. “ಅಂಜಬ್ಯಾಡ. ಹೊಡದು ಹೊಡದು ಕಲೀತಿ ತಗೋ.”

ಅಷ್ಟು ದೂರ ಬಾಯಿ ಬಿಡದೆ ಕೂತಿದ್ದ ಶಾಂತಾಬಾಯಿ ಆಗ ಮಾತಾಡಿದಳು.

“ಹದಿನೆಂಟ್ ವರ್ಷ ಆತು ಯವ್ವಾ. ಇನ್ನ ಕಲ್ಯಾಕತ್ತಾರ!”